ಅಪ್ಪನ ಕೈಗೆ ಗೊತ್ತಿದ್ದ ಇಂಗ್ಲಿಷು

ಬೆಳಗಿನ ಚಹಾದ ಜೊತೆಗೆ ಪತ್ರಿಕೆಯ ಅಕ್ಷರದಾಟ ಬಿಡಿಸುವುದು ನನ್ನ ಈಗಿನ ಚಟ. ನೀವೂ ನೋಡಿರುತ್ತೀರಿ. ಒಂದು ಚೌಕದಲ್ಲಿ ಇಂಗ್ಲಿಷಿನ ನಾಲ್ಕೈದು ಅಕ್ಷರ ಕೊಟ್ಟಿರುತ್ತಾರೆ, ಅವೆಲ್ಲ ಇರುವ ಶಬ್ದಗಳನ್ನು ಹುಡುಕಬೇಕು. ಅಕ್ಷರ ಓದುವುದು ಮೊಮ್ಮಗಳ ಕೆಲಸ. "ಓದು ನೋಡೂಣು, ನಿನಗ ಬರತದೋ ಇಲ್ಲೋ" ಎಂದು ನಾನು ದೊಡ್ಡ ಪರೀಕ್ಷಕಿಯಂತೆ ಪತ್ರಿಕೆಯನ್ನು ಅವಳತ್ತ ತಳ್ಳುತ್ತೇನೆ. ಇವತ್ತು ಹಾಗೆ ತಳ್ಳುವ ಹೊತ್ತಿಗೆ ಕೆಳಗಿನ ಮನೆಯವರು ಸೈಕಲ್ಲಿನ ಸರಪಳಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ವಾಸನೆ ಕಿಟಕಿಯೊಳಗೆ ಬಂತು. ನಾನು ಆಡಿದ್ದು ನನ್ನ ಮಾತಲ್ಲ, ಅಪ್ಪನ ಮಾತು ಎಂದು ಥಟ್ಟನೆ ನೆನಪಾಯಿತು.

ಅಪ್ಪ ಮನೆಗೆ ಬರುವಾಗ ಮೊದಲು ಸೀಮೆಎಣ್ಣೆಯ ವಾಸನೆ ಬರುತ್ತಿತ್ತು, ಆಮೇಲೆ ಅಪ್ಪ. ಮರಾಠಿ ಸೀಮೆಯ ಈ ಊರಿನ ಶನಿವಾರ ಪೇಟೆಯಲ್ಲಿ, ಹತ್ತಾರು ಬಿಡಾರಗಳ ವಾಡೆಯೊಂದರಲ್ಲಿ ನಮ್ಮವು ಎರಡು ಖೋಲಿ. ಧಾರವಾಡದ ಕಡೆಯಿಂದ ಬಂದ ಅಪ್ಪ ಬುಧವಾರ ಪೇಟೆಯ ಛಾಪಖಾನೆಯಲ್ಲಿ ಇಂಗ್ಲಿಷ್ ಅಚ್ಚುಮೊಳೆ ಜೋಡಿಸುತ್ತಿದ್ದ. ಅದು ಬ್ರಿಟಿಷರ ಕಾಲ. ದಂಡಿನ ಕ್ಯಾಂಪಿನ ಸಾಹೇಬರ ಔತಣದ ಕಾರ್ಡು, ಸರ್ಕಸ್ಸಿನ ಜಾಹೀರಾತು, ಕಚೇರಿಯ ಫಾರ್ಮು, ಎಲ್ಲ ಅವನ ಕೈಯಲ್ಲಿ ಹಾದು ಹೋಗುತ್ತಿದ್ದವು. ಕೆಲಸ ಮುಗಿದ ಮೇಲೆ ಮೊಳೆಯ ಮಸಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಖಾನೆಗೆ ಹಾಕಬೇಕು. ಆ ವಾಸನೆ ಅವನ ಬೆರಳು ಬಿಟ್ಟು ಹೋಗಲೇ ಇಲ್ಲ. ತಮಾಷೆಯೆಂದರೆ ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಪ್ಪತ್ತಾರು ಅಕ್ಷರ ಗೊತ್ತು, ಪ್ರತಿ ಅಕ್ಷರದ ಖಾನೆ ಗೊತ್ತು, ಅಷ್ಟೆ. ಬರೆದುಕೊಟ್ಟದ್ದನ್ನು ನೋಡುತ್ತ ಒಂದೊಂದೇ ಮೊಳೆ ಹೆಕ್ಕಿ ಸಾಲು ಕಟ್ಟುತ್ತಿದ್ದ. ಅರ್ಥ ಸಾಹೇಬರಿಗೆ ಬಿಟ್ಟದ್ದು.

ನನ್ನನ್ನು ಮಾತ್ರ ಇಂಗ್ಲಿಷ್ ಕಲಿಸುವ ಹೆಣ್ಣುಮಕ್ಕಳ ಶಾಲೆಗೆ ಹಾಕಿದ್ದ. ಸಂಜೆ ಚಹಾ ಕುಡಿದು, ಜೇಬಿನಿಂದ ಕಾಗದದ ಪುಡಿಕೆ ತೆಗೆಯುತ್ತಿದ್ದ. ಅದರಲ್ಲಿ ಕರಗಿಸಲು ತೆಗೆದಿಟ್ಟ, ಸವೆದ ನಾಲ್ಕು ಮೊಳೆ. ಅಪ್ಪ ಒಮ್ಮೆ ನೋಡಿ ಅಕ್ಷರ ಹೇಳುತ್ತಿದ್ದ, ಅವು ನಾಲ್ಕೂ ಇರುವ ಶಬ್ದ ನಾನು ಹುಡುಕಬೇಕು. ಡಿ, ಜಿ, ಎನ್, ಆರ್ ಎಂದರೆ ನಾನು "ಗಾರ್ಡನ್" ಎನ್ನುತ್ತಿದ್ದೆ. ಉಚ್ಚಾರ ಅವನಿಗೆ ಉಪಯೋಗವಿಲ್ಲ, ಅಕ್ಷರ ಬಿಡಿಸಿ ಹೇಳಬೇಕು. ಹೇಳಿದಂತೆ ಅವನ ಬಲಗೈ ಗಾಳಿಯಲ್ಲಿ ಖಾನೆಯಿಂದ ಖಾನೆಗೆ ಓಡುತ್ತಿತ್ತು. ತಡವರಿಸದೆ ಕೊನೆ ಮುಟ್ಟಿದರೆ, "ಅದ. ಸಾಹೇಬ್ರ ಪಾರ್ಟಿ ಕಾರ್ಡಿನ್ಯಾಗ ಜೋಡಿಸೀನಿ" ಎನ್ನುತ್ತಿದ್ದ. "ಡೇಂಜರ್" ಕೂಡ ಅವನ ಕೈಗೆ ಗೊತ್ತಿತ್ತು, "ಗ್ರ್ಯಾಂಡ್" ಅಂತೂ ಸರ್ಕಸ್ಸಿನ ಪುಣ್ಯದಿಂದ ಬಾಯಿಪಾಠ. ನಮ್ಮ ಬಳಿ ಇದ್ದ ಹಳೆಯ ಡಿಕ್ಷನರಿಯ ಮೊದಲ ಪುಟಗಳು ಹರಿದುಹೋಗಿದ್ದವು. ಹಾಗಾಗಿ ಎ ಅಕ್ಷರದಿಂದ ಶುರುವಾಗುವ ಶಬ್ದಗಳಿಗೆ ಅಪ್ಪನ ಕೈಯೇ ಕಡೆಯ ತೀರ್ಪು. ಗಾಳಿಯಲ್ಲಿ ಕೈ ನಿಂತಿತೋ, ಅಂಥ ಶಬ್ದ ಲೋಕದಲ್ಲೇ ಇಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ ಆಟದ ರೀತಿ ಬದಲಾಯಿತು. ದಸರೆ ಕಳೆದ ಮೇಲೆ ಅಪ್ಪ ಮೊಳೆಗಳನ್ನು ನೋಡುವುದು ಬಿಟ್ಟು ನನ್ನ ಅಂಗೈಗೆ ಹಾಕತೊಡಗಿದ. "ನೀನೇ ಓದು ನೋಡೂಣು ತಂಗೀ, ನಿನಗ ಬರತದೋ ಇಲ್ಲೋ." ನನಗೆ ಬಡ್ತಿ ಸಿಕ್ಕಿದೆ ಎಂದುಕೊಂಡು ಹಿಗ್ಗಿದೆ. ಕೆಲವೊಮ್ಮೆ ಬೇಕೆಂದೇ ಅವನ ಕೈಗೆ ಕೊಟ್ಟು ನೀನು ಓದು ಎನ್ನುತ್ತಿದ್ದೆ. ಅವನು ಮೊಳೆಯ ಮುಖವನ್ನು ಹೆಬ್ಬೆರಳಿನಿಂದ ತಡವಿ ಹೇಳುತ್ತಿದ್ದ, ಇ ಇದ್ದಲ್ಲಿ ಸಿ ಎನ್ನುತ್ತಿದ್ದ. ನಾನು ಚಪ್ಪಾಳೆ ತಟ್ಟಿ ನಗುತ್ತಿದ್ದೆ. ಅವನೂ ನಗುತ್ತಿದ್ದ. ಆ ನಗುವಿನ ಕಡೆ ನಾನು ಸರಿಯಾಗಿ ನೋಡಲೇ ಇಲ್ಲ.

ಸಂಕ್ರಾಂತಿಯ ಸಂಜೆ ಛಾಪಖಾನೆಯ ಫೋರ್ಮನ್ ಬಾಪೂರಾಯರು ಕುಸುರೆಳ್ಳು ಕೊಡಲು ಮನೆಗೆ ಬಂದರು. ಬೆಳಗಾವಿಯವರು, ಹೊರಗೆಲ್ಲ ಮರಾಠಿ, ನಮ್ಮ ಹೊಸ್ತಿಲು ದಾಟಿದರೆ ಕನ್ನಡ. ಅಭ್ಯಾಸ ಹೇಗೆ ನಡೆದಿದೆ ಎಂದು ನನ್ನನ್ನು ಕೇಳಿದರು. ಕೇಳುವುದೇ ತಡ, ನಾನು ಕೊಚ್ಚಿಕೊಂಡೆ.

"ಕಾಕಾ, ಈಗ ಆಟದಾಗ ದಿನಾ ನಾನೇ ಗೆಲ್ಲತೀನಿ. ಅಪ್ಪಗ ಸಿ ಯಾವುದು, ಇ ಯಾವುದು ತಿಳಿಯಂಗಿಲ್ಲ. ಎಲ್ಲಾ ನಾನೇ ಓದಿ ಹೇಳಬೇಕು."

ಬಾಪೂರಾಯರ ಕೈ ಕುಸುರೆಳ್ಳಿನ ಬಟ್ಟಲಲ್ಲೇ ನಿಂತಿತು. ಕೆಲವು ವಾರಗಳಿಂದ ಅಪ್ಪನ ಕೆಲಸದಲ್ಲಿ ತಪ್ಪುಗಳು ಹೆಚ್ಚಾಗಿದ್ದವಂತೆ, ಯಾಕೆಂದು ಅವರಿಗೆ ತಿಳಿದಿರಲಿಲ್ಲ. ಅಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಎಂದಿನಿಂದ್ರಿ?"

"ದಸರಾದಿಂದ" ಎಂದ ಅಪ್ಪ. "ಮೊದಲ ಕಣ್ಣಾಗ ಬರೇ ಮಂಜು ಇತ್ರಿ."

ಬಾಪೂರಾಯರು ಕೆಟ್ಟವರಲ್ಲ. ಅಪ್ಪನನ್ನು ಮೊಳೆಯಿಂದ ಬಿಡಿಸಿ, ಅಚ್ಚಾದ ಹಾಳೆ ಮಡಿಸುವ ಕೆಲಸಕ್ಕೆ ಹಾಕಿಸಿದರು. ಅದೂ ಒಂದು ವರ್ಷ ನಡೆಯಲಿಲ್ಲ. ಅವ್ವ ನಾಲ್ಕು ಮನೆಗಳ ಅಡಿಗೆ ಹಿಡಿದಳು, ನನ್ನ ಶಾಲೆ ನಿಂತಿತು. ನನ್ನ ಇಂಗ್ಲಿಷು ಇವತ್ತಿಗೂ ಹಾಗೇ ಇದೆ, ಶಬ್ದ ಬೇಕಾದಷ್ಟು, ವಾಕ್ಯ ಒಂದೂ ಇಲ್ಲ.

ಆ ಸಂಕ್ರಾಂತಿಯ ಸಂಜೆ ಬಾಪೂರಾಯರು ಹೋದ ಮೇಲೆ ಅವ್ವ ನನ್ನ ಮೇಲೆ ಕೈ ಎತ್ತಿದ್ದಳು. ಅಪ್ಪ ತಡೆದ. "ಆಕಿಗೆ ಏನೂ ಅನಬ್ಯಾಡ. ಗೆದ್ದಾಳ, ಹೇಳಿಕೊಂಡಾಳ." ಅವ್ವ ಹೊಡೆದಿದ್ದರೆ ಮರೆಯುತ್ತಿದ್ದೆನೋ ಏನೋ. ಅಪ್ಪ ಹೇಳಿದ್ದನ್ನು ಮರೆಯಲು ಆಗಿಲ್ಲ.

ಮತ್ತೆ ಒಮ್ಮೆ ನಾನೇ ಪಾಟಿಯ ಮೇಲೆ ನಾಲ್ಕು ಅಕ್ಷರ ಬರೆದುಕೊಂಡು ಹೋಗಿ ಅವನಿಗೆ ಓದಿ ಹೇಳಿದೆ. "ನಾಳೆ ಆಡೂಣು ತಂಗೀ" ಎಂದ. ಆ ನಾಳೆ ಬರಲಿಲ್ಲ. ಆದರೆ ಕಟ್ಟೆಯ ಮೇಲೆ ಸುಮ್ಮನೆ ಕೂತಾಗ ಅವನ ಬಲಗೈ ತೊಡೆಯ ಮೇಲೆ ಖಾನೆಯಿಂದ ಖಾನೆಗೆ ಹೋಗುತ್ತಿತ್ತು. ಯಾವ ಶಬ್ದ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಸ್ವಾತಂತ್ರ್ಯ ಬಂದ ದಿನ ಪೇಟೆಯ ತುಂಬ ಬಾವುಟ. ಅಪ್ಪ ಅದಕ್ಕೆ ಎರಡು ತಿಂಗಳು ಮೊದಲೇ ತೀರಿಕೊಂಡಿದ್ದ.

ಈಗ ನಿಮಗೊಂದು ಗುಟ್ಟು ಹೇಳಬೇಕು. ಮೊಮ್ಮಗಳ ಪರೀಕ್ಷೆ ನಾನು ಮಾಡುತ್ತಿರಲಿಲ್ಲ. ಕಳೆದ ಮಳೆಗಾಲದಿಂದ ಪತ್ರಿಕೆಯ ಅಕ್ಷರ ನನಗೆ ಕಾಣುತ್ತಿಲ್ಲ. ಮಗನಿಗೆ ತಿಳಿದರೆ ಒಬ್ಬಳೇ ಮಂಡಈ ಮಾರುಕಟ್ಟೆಗೆ ಹೋಗಿ ಕಾಯಿಪಲ್ಯ ತರುವುದು ನಿಂತೀತೆಂದು ಬಾಯಿ ಬಿಟ್ಟಿರಲಿಲ್ಲ. ಅಪ್ಪ ಮೂರು ತಿಂಗಳು ಎಂಥ ಭಯ ನುಂಗಿಕೊಂಡು ನನ್ನೆದುರು ನಕ್ಕಿದ್ದ ಎಂಬುದು ಇವತ್ತು, ಈ ಸೀಮೆಎಣ್ಣೆಯ ವಾಸನೆಯಲ್ಲಿ, ಚೆನ್ನಾಗಿ ತಿಳಿಯಿತು. ಅವನು ಹೇಳಲಾರದ್ದನ್ನು ನಾನಾದರೂ ಹೇಳಬೇಕು ಅನ್ನಿಸಿತು.

"ಪುಟ್ಟೀ, ಇದು ನಿನ್ನ ಪರೀಕ್ಷಾ ಅಲ್ಲ. ನನಗ ಅಕ್ಷರ ಕಾಣಸೂದಿಲ್ಲ."

ಅವಳು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಗೊತ್ತದ ಅಜ್ಜಿ. ಭಾಳ ದಿನದಿಂದ ಗೊತ್ತದ. ನಾ ಯಾರಿಗೂ ಹೇಳಿಲ್ಲ."