ಕೀಲಿಕೈ ಕೆಳಗಿನ ಊರಿಗೆ, ಊಟ ಮೇಲಿನ ಊರಲ್ಲಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಹಾಪುರದ ನೀರಾವರಿ ಉಪವಿಭಾಗದಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ನಾರಾಯಣಪುರದ ಅಣೆಕಟ್ಟಿನಿಂದ ಹೊರಟ ನೀರು ಮುಖ್ಯ ಕಾಲುವೆಯಿಂದ ಶಾಖಾ ಕಾಲುವೆಗೆ, ಅಲ್ಲಿಂದ ವಿತರಣಾ ಕಾಲುವೆಗೆ, ಕೊನೆಗೆ ಹೊಲಕ್ಕೆ ಹೋಗುವುದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾಗದದಲ್ಲಿ ಹಾಗಿತ್ತು. ನಿಜದಲ್ಲಿ ನಾನು ಹೆಚ್ಚಾಗಿ ನೋಡಿದ್ದು ನೀರು ಹೋಗದೆ ಇರುವುದನ್ನೇ. ಕಾಲುವೆಯ ಮೇಲ್ಭಾಗದವರು ಭತ್ತ ಹಾಕಿ ಮಡಿ ತುಂಬಿಸಿಕೊಂಡರೆ, ದೋರನಹಳ್ಳಿ ಕಡೆಯ ತುದಿಯ ಹೊಲಗಳಲ್ಲಿ ಹತ್ತಿ ಬಾಡುತ್ತಿತ್ತು. ಇಬ್ಬರೂ ಬಂದು ಬೈಯುತ್ತಿದ್ದುದು ನನ್ನನ್ನೇ. ಹೆಣ್ಣುಮಗಳೆಂದು ಬೈಗುಳದಲ್ಲಿ ಒಂದಿಷ್ಟು ರಿಯಾಯಿತಿ ಸಿಗುತ್ತಿತ್ತು, ನೀರಿನ ವಿಷಯದಲ್ಲಿ ಮಾತ್ರ ಇಲ್ಲ.

ಆ ಹಂಗಾಮಿನಲ್ಲಿ ಆಫ್ರಿಕಾದ ಒಂದು ದೇಶದಿಂದ ಒಬ್ಬ ಯುವ ಎಂಜಿನಿಯರ್ ತರಬೇತಿಗೆಂದು ನಮ್ಮಲ್ಲಿಗೆ ಬಂದ. ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅವನ ಮನೆಯವರು ಇನ್ನೂ ಅಲ್ಲಿದ್ದಾರೆ. ಅವನ ನಿಜವಾದ ಹೆಸರೂ ಬೇಡ. ನಮ್ಮ ಕಾಲುವೆಯ ಕೂಲಿಗಳು ಅವನನ್ನು ಸೈಮಣ್ಣ ಎಂದು ಕರೆಯುತ್ತಿದ್ದರು, ಅದೇ ಸಾಕು. ಮುಂದೆ ಅವನು ಆ ದೇಶದ ಅಧ್ಯಕ್ಷನಾದ. ಅಲ್ಲಿಂದ ಇಳಿದು ಆರೋಪಿಯಾದ. ಅವನ ಮೊಕದ್ದಮೆಯಲ್ಲಿ ನಾನು ಸಾಕ್ಷಿ ಹೇಳಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ತೂಕದ ಕೆಲಸ ಬೇರೆ ಬರಲಿಲ್ಲ, ಬಂದದ್ದು ನಿವೃತ್ತಳಾಗಿ ಯಾದಗಿರಿಯಲ್ಲಿ ಮನೆ ಮಾಡಿದ ಮೇಲೆ.

ಸೈಮಣ್ಣ ಜೀಪು ಹತ್ತುವವರ ಪೈಕಿ ಅಲ್ಲ. ಕಾಲುವೆಯ ಏರಿಯ ಮೇಲೆ ನನ್ನ ಜೊತೆ ನಡೆದೇ ಬರುತ್ತಿದ್ದ. ಕೂಲಿಗಳ ಬಾಯಿಂದ ಕಲಿತ ಮುರುಕು ಕನ್ನಡದಲ್ಲಿ ಎಲ್ಲರನ್ನೂ ಮಾತಾಡಿಸುತ್ತಿದ್ದ. ನನ್ನನ್ನು "ಅಕ್ಕಾ" ಎನ್ನುತ್ತಿದ್ದ. ಸುರಪುರದ ನಮ್ಮ ತವರುಮನೆಗೂ ಬಂದು ಹೋಗಿದ್ದ. ತಮ್ಮ ದೇಶದಲ್ಲೂ ಒಂದು ದೊಡ್ಡ ನದಿ, ಒಂದು ದೊಡ್ಡ ಕಾಲುವೆ ಇದೆಯೆಂದೂ, ತಾನು ತುದಿಯ ಊರಿನವನೆಂದೂ ಹೇಳಿದ್ದ. "ನಮ್ಮೂರಾಗ ಕಾಲುವಿ ಅದ, ನೀರು ಇಲ್ಲ" ಎಂದು ನಗುತ್ತಿದ್ದ. ಆ ನಗು ನನಗೆ ಪರಿಚಯದ್ದೇ. ಕಾಲುವೆಯ ತುದಿಯವರೆಲ್ಲ ಹಾಗೇ ನಗುತ್ತಾರೆ.

ನಮ್ಮಲ್ಲಿ ಚಾಲು-ಬಂದ್ ಎಂಬ ಪದ್ಧತಿ ಇದೆ. ಕೆಲವು ದಿನ ನೀರು ಬಿಡುವುದು, ಕೆಲವು ದಿನ ನಿಲ್ಲಿಸುವುದು, ಸರದಿಯ ಮೇಲೆ ಒಬ್ಬೊಬ್ಬರಿಗೆ ಕೊಡುವುದು. ಈ ಸರದಿಗೆ ನಮ್ಮವರು ಪಾಳಿ ಎನ್ನುತ್ತಾರೆ. ಪಾಳಿ ಬರೆಯುವುದು ಸುಲಭ, ನಡೆಸುವುದು ಕಷ್ಟ. ತುದಿಯವರ ಪಾಳಿಯಲ್ಲಿ ಮೇಲಿನ ಊರಿನ ಗೇಟು ಮುಚ್ಚಿರಬೇಕು. ಆದರೆ ಗೇಟು ಇರುವುದು ಮೇಲಿನವರ ಹೊಲದ ಬದಿಗೆ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅದೂ ತೆರೆದಿರುತ್ತಿತ್ತು. ಒಂದು ವಿತರಣಾ ಕಾಲುವೆಯ ಎರಡು ಊರಿನವರು ಇದಕ್ಕಾಗಿ ತಲೆ ಒಡೆದುಕೊಂಡು, ಬೇಸತ್ತು, ಕೊನೆಗೆ ತಾವೇ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದರು. ತುದಿಯವರ ಪಾಳಿ ಇರುವಷ್ಟು ದಿನ ಮೇಲಿನ ಗೇಟಿನ ಕೀಲಿಕೈ ಕೆಳಗಿನ ಊರಿನ ಒಬ್ಬನ ಕೈಯಲ್ಲಿರಬೇಕು. ಅವನು ಗೇಟಿನ ಹತ್ತಿರವೇ ಇರಬೇಕು. ಅವನಿಗೆ ಊಟ ಹಾಕಬೇಕಾದವರು ಮೇಲಿನ ಊರಿನವರು, ದಿನಕ್ಕೊಂದು ಮನೆ. ಮನೆಯಿಂದ ಬುತ್ತಿ ತರುವಂತಿಲ್ಲ.

ಇಲಾಖೆಯ ಯಾವ ಕೈಪಿಡಿಯಲ್ಲೂ ಇದು ಇರಲಿಲ್ಲ. ನಾವು ಕಂಡೂ ಕಾಣದಂತೆ ಇದ್ದೆವು, ಯಾಕೆಂದರೆ ಅದು ನಡೆಯುತ್ತಿತ್ತು.

ಕೀಲಿಕೈ ಹಿಡಿಯುತ್ತಿದ್ದವನು ಭೀಮರಾಯ, ತುದಿಯ ಊರಿನ ಸಣ್ಣ ರೈತ, ಬೌದ್ಧ ಧರ್ಮ ಸ್ವೀಕರಿಸಿದ ಮನೆತನದವನು. ಮೊದಲ ವರ್ಷ ಮೇಲಿನ ಊರಿನ ಕೆಲವರು ಅವನಿಗೆ ಹೊರಗೆ ಕಟ್ಟೆಯ ಮೇಲೆ ತಾಟು ಇಟ್ಟರಂತೆ. ಅವನು ಮುಟ್ಟಲಿಲ್ಲ. "ಒಳಗ ಕರದ್ರ ಉಣ್ತೀನ್ರಿ. ಇಲ್ಲಂದ್ರ ಉಪಾಸ ಕುಂತು ಪಾಳಿ ಕಾಯ್ತೀನಿ" ಅಂದನಂತೆ. ಉಪವಾಸ ಕೂತವನ ಕೈಯಲ್ಲಿ ತಮ್ಮ ಗೇಟಿನ ಕೀಲಿಕೈ ಇರುವುದು ಯಾರಿಗೆ ತಾನೆ ಬೇಕು? ಮುಂದಿನ ಪಾಳಿಗೆ ಒಳಗೆ ಕರೆದರು.

ಸೈಮಣ್ಣ ಎಷ್ಟೋ ದಿನ ಭೀಮರಾಯನ ಜೊತೆ ಗೇಟಿನ ಮೇಲೆ ಕೂತ, ಅವನ ಜೊತೆಗೇ ಮನೆಮನೆಯಲ್ಲಿ ಉಂಡ. ಊಟ ಯಾಕೆ ಕಡ್ಡಾಯ ಎಂದು ಒಮ್ಮೆ ನನ್ನೆದುರಿಗೇ ಕೇಳಿದ. ಭೀಮರಾಯ ಹೇಳಿದ್ದು ಇಷ್ಟು: "ಉಂಡ ಮನಿ ಜಂತಿ ಎಣಿಸಬಾರದು ಅಂತಾರಲ್ಲೋ ತಮ್ಮಾ. ಅವರ ರೊಟ್ಟಿ ತಿಂದು ಅವರ ದನಾ ನೀರಿಲ್ದೆ ಸಾಯೂದು ನೋಡಾಕ ಆಗ್ತದೇನು? ಕುಡಿಯೂ ನೀರು ಕೇಳಾಕ ಬಂದ್ರ ಯಾರ ಮನಿಯವರು ಅಂತ ನನಗ ಗೊತ್ತಿರ್ತದ. ಗೇಟ ಒಂದೀಟು ಎತ್ತಿ ಬಿಡ್ತೀನಿ. ಅವರಿಗೂ ನಾ ಯಾರು ಅಂತ ಗೊತ್ತಿರ್ತದ, ಕಲ್ಲು ತೂರಾಂಗಿಲ್ಲ." ಸೈಮಣ್ಣ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದ. ಅವನಿಗೆ ಚೆನ್ನಾಗಿಯೇ ತಿಳಿದಿತ್ತು.

ಊರಿಗೆ ಹೋದ ಮೇಲೂ ಅವನು ನನ್ನನ್ನು ಮರೆಯಲಿಲ್ಲ. ಅಪರೂಪಕ್ಕೊಮ್ಮೆ ಫೋನ್ ಮಾಡುತ್ತಿದ್ದ. ತನ್ನ ದೇಶದ ಕಾಲುವೆಯ ಮುಖ್ಯ ಎಂಜಿನಿಯರ್ ಆದ. ತುದಿಯ ಊರುಗಳಿಗೆ ನೀರು ಮುಟ್ಟಿಸಿದ, ಅಲ್ಲಿಯವರು ಅವನನ್ನು ಚುನಾವಣೆಗೆ ನಿಲ್ಲಿಸಿದರು. ನೀರಾವರಿ ಮಂತ್ರಿಯಾದ. "ಕೊನೆಯ ಹೊಲಕ್ಕೆ ಮೊದಲ ನೀರು" ಎಂದು ದೇಶವೆಲ್ಲ ಸುತ್ತಿ ಅಧ್ಯಕ್ಷ ಪದವಿಯನ್ನೂ ಗೆದ್ದ. ಆ ದಿನ ನನಗೆ ಫೋನ್ ಬಂತು. "ಅಕ್ಕಾ, ತುದಿಯಾಂವ ಗೆದ್ದಾನ" ಎಂದ. ಶಹಾಪುರದ ಕಚೇರಿಗೆಲ್ಲ ಪೇಢೆ ಹಂಚಿದೆ. ಯಾಕೆಂದು ಕೇಳಿದವರಿಗೆ ಹೇಳಿದರೆ ಯಾರೂ ನಂಬಲಿಲ್ಲ, ಪೇಢೆ ಮಾತ್ರ ತಿಂದರು.

ಎರಡನೆಯ ಬಾರಿ ಗೆದ್ದ ಮೇಲೆ ಅವನು ದೆಹಲಿಗೆ ಬಂದಿದ್ದ. ನನ್ನನ್ನು ಕರೆಸಿಕೊಂಡ. ಊಟದ ಮೇಜಿನ ಮೇಲೆ ತಾಟು ಬಂದಾಗ ಹಿಂದೆ ನಿಂತಿದ್ದ ಒಬ್ಬ ಅಧಿಕಾರಿ ಮೊದಲು ಒಂದು ತುತ್ತು ತಿಂದು, ಸ್ವಲ್ಪ ಹೊತ್ತು ಕಾದು, ಆಮೇಲೆ ತಾಟನ್ನು ಅವನ ಮುಂದಿಟ್ಟ. ಸೈಮಣ್ಣ ನನ್ನ ಮುಖ ನೋಡಿ, "ಬ್ಯಾರೆಯವರ ಮನಿ ಊಟ ನನಗೀಗ ಬಂದ್, ಅಕ್ಕಾ" ಎಂದ. ನಗಲಿಲ್ಲ. ಕಾಲುವೆಯ ಮೇಲ್ಭಾಗದವರು ತನ್ನನ್ನು ದ್ವೇಷಿಸುತ್ತಾರೆ ಎಂದ. ಅವರು ಹಿಂದೆ ದೇಶ ಆಳಿದ ಜನ, ತುದಿಯವರು ಇವನ ಜನ. ಅದನ್ನು ಕೇಳಿ ನನಗೆ ಅಂದು ಕೆಡುಕೆನಿಸಿತು, ಊಟ ರುಚಿಸಲಿಲ್ಲ.

ಮೂರನೆಯ ಅವಧಿಯಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಅವನು ಪಾಳಿ ಜಾರಿಗೆ ತಂದ. ಮೇಲಿನ ಗೇಟುಗಳನ್ನು ಮುಚ್ಚಿಸಿ, ಕೀಲಿಕೈಯನ್ನು ತುದಿಯ ಊರಿನ ಹುಡುಗರಿಗೆ ಕೊಟ್ಟ. ಹುಡುಗರು ಕಾವಲು ಪಡೆಯವರು, ಕೈಯಲ್ಲಿ ಬಂದೂಕು. ಮೇಲಿನವರ ಮನೆಯಲ್ಲಿ ಹನಿ ನೀರೂ ಮುಟ್ಟಕೂಡದು, ವಿಷ ಹಾಕುತ್ತಾರೆ ಎಂದು ಆದೇಶವಾಗಿತ್ತು. ಹುಡುಗರ ಊಟ ಲಾರಿಯಲ್ಲಿ ರಾಜಧಾನಿಯಿಂದ ಬರುತ್ತಿತ್ತು. ಒಂದು ಮುಂಜಾನೆ ಮೇಲಿನ ಊರುಗಳ ಹೆಂಗಸರು, ಮಕ್ಕಳು, ಗಂಡಸರು ಕೊಡ ಹಿಡಿದು ಒಂದು ಗೇಟಿನ ಹತ್ತಿರ ಬಂದರು. ಬಂದವರಲ್ಲಿ ಒಬ್ಬರ ಗುರುತೂ ಆ ಹುಡುಗರಿಗೆ ಇರಲಿಲ್ಲ. ದಾಳಿಗೆ ಬಂದರೆಂದು ತಿಳಿದು ಗುಂಡು ಹಾರಿಸಿದರು. ಬಹಳ ಜನ ಸತ್ತರು.

ಅದಾದ ಮೇಲೆ ಅವನ ಅಧಿಕಾರ ಹೋಯಿತು. ಸೈನ್ಯದ ಬೆಂಬಲದ ಹೊಸ ಸರ್ಕಾರ ಅವನನ್ನು ಹಿಡಿದು ವಿಚಾರಣೆಗೆ ನಿಲ್ಲಿಸಿತು. ಮೇಲಿನ ಜನರನ್ನು ಗೊತ್ತಿದ್ದೂ ಸಾವಿಗೆ ದೂಡಿದ ಎಂಬುದು ಆರೋಪ, ಅದಕ್ಕೆ ಅಲ್ಲಿ ಗಲ್ಲು. ಅವನ ವಕೀಲರು ಯಾದಗಿರಿಗೆ ನನಗೆ ಫೋನ್ ಮಾಡಿದರು. ಗೇಟು ಮುಚ್ಚಿ ಕೀಲಿಕೈಯನ್ನು ತುದಿಯವರಿಗೆ ಕೊಡುವುದು ಬೇರೆ ದೇಶದಲ್ಲಿ ನಡೆದುಬಂದ ಪದ್ಧತಿ, ಅಧ್ಯಕ್ಷರು ಅದನ್ನು ಕಲಿತು ತಂದರು ಎಂದು ಸಾಬೀತಾದರೆ ಇದು ಆಡಳಿತದ ತಪ್ಪಾಗುತ್ತದೆ, ಕೊಲೆಯಾಗುವುದಿಲ್ಲ, ಜೀವ ಉಳಿಯುತ್ತದೆ ಎಂದರು. ಸಾಕ್ಷಿ ಹೇಳಲು ಒಪ್ಪಿದೆ. ಒಪ್ಪದಿರಲು ಕಾರಣವೇ ಇರಲಿಲ್ಲ.

ಯಾದಗಿರಿಯಲ್ಲಿ ಪರಿಚಯದ ವಕೀಲರೊಬ್ಬರ ಕಚೇರಿಯಲ್ಲಿ ಮಧ್ಯಾಹ್ನ ವೀಡಿಯೊ ಮೂಲಕ ಸಾಕ್ಷಿ. ಬಿಸಿಲು ಕೆಂಡ ಸುರಿಯುತ್ತಿತ್ತು. ಕರೆಂಟು ಹೋದರೆ ಇರಲಿ ಎಂದು ನನ್ನ ಯಜಮಾನರು ಮನೆಯ ಇನ್ವರ್ಟರನ್ನೇ ಆಟೊದಲ್ಲಿ ಹಾಕಿಕೊಂಡು ತಂದಿದ್ದರು. ಪರದೆಯ ಮೂಲೆಯಲ್ಲಿ, ಕಟಕಟೆಯಲ್ಲಿ ಸೈಮಣ್ಣ ಕಂಡ. ಗಡ್ಡ ಬೆಳ್ಳಗಾಗಿತ್ತು, ಅಂಗಿ ದೊಡ್ಡದಾಗಿತ್ತು. ನಾನು ಕೈ ಎತ್ತಿದೆ. ಅವನೂ ಎತ್ತಿದ.

ಅವನ ವಕೀಲರು ಇಂಗ್ಲಿಷಿನಲ್ಲಿ ಕೇಳಿದರು. ಪಾಳಿಯ ಮೇಲೆ ಗೇಟು ಮುಚ್ಚುವುದು ನಿಮ್ಮಲ್ಲಿ ಇದೆಯೇ? ಇದೆ. ಮೇಲಿನ ಗೇಟಿನ ಕೀಲಿಕೈ ತುದಿಯವರ ಕೈಗೆ ಕೊಡುವುದನ್ನು ನೀವು ಕಂಡಿದ್ದೀರಾ? ಕಂಡಿದ್ದೇನೆ. ಆರೋಪಿ ಅದನ್ನು ನಿಮ್ಮಲ್ಲಿ ಕಲಿತರೇ? ಹೌದು. ಅವರು ತೃಪ್ತಿಯಿಂದ ಕೂತರು.

ಸರ್ಕಾರಿ ವಕೀಲರು ವಯಸ್ಸಾದವರು. ಎದ್ದು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಪದ್ಧತಿ ಇಷ್ಟೇ ಏನಮ್ಮಾ?"

ಅವರಿಗೆ ಏನೂ ಗೊತ್ತಿರಲಿಲ್ಲ, ಬಲೆ ಬೀಸಿ ನೋಡಿದ್ದರು, ಅಷ್ಟೆ. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಮೊದಲ ಮೇಲಧಿಕಾರಿ, ಏರಿ ಒಡೆದ ಜಾಗಕ್ಕೆ ನನ್ನನ್ನು ಕರೆದೊಯ್ದು, "ಗೇಟು ಸರಿ ಇದೆ ಅಂತ ಬರೆದವನು ಸುಳ್ಳು ಬರೆದಿಲ್ಲ. ಏರಿ ಸರಿ ಇಲ್ಲ ಅನ್ನೋದನ್ನ ಬರೀಲಿಲ್ಲ" ಎಂದಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಬರೆದ ವರದಿಗಳೆಲ್ಲ ಆ ಮಾತಿನ ಭಯದಲ್ಲಿ ಬರೆದವು. ಆಗ ದೊಡ್ಡ ಧೈರ್ಯವನ್ನೇನೂ ತಂದುಕೊಳ್ಳಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಇಷ್ಟೇ ಅಲ್ಲ" ಎಂದೆ. ಊಟದ ವಿಷಯ ಹೇಳಿದೆ. ಯಾಕೆ ಊಟ ಎಂಬುದನ್ನೂ ಹೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಆರೋಪಿಗೆ ಇದು ಗೊತ್ತಿತ್ತೇ ಎಂದು ಕೇಳಿದರು. "ಗೊತ್ತಿತ್ತು. ಕೀಲಿಕೈ ಹಿಡಿದವನ ಜೊತೆ ಕೂತು ಉಂಡಿದ್ದಾರೆ" ಎಂದೆ.

ಆಗ ಸೈಮಣ್ಣ ಎದ್ದು ನಿಂತು ಏನೋ ಹೇಳಿದ. ನ್ಯಾಯಾಧೀಶರು ದುಭಾಷಿಯ ಮುಖ ನೋಡಿದರು, ದುಭಾಷಿ ತಲೆ ಅಲ್ಲಾಡಿಸಿದ. ಅವನು ಆಡಿದ್ದು ಕನ್ನಡ. ಆ ಕೋರ್ಟಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಏನು ಹೇಳಿದರೆಂದು ನ್ಯಾಯಾಧೀಶರು ನನ್ನನ್ನೇ ಕೇಳಿದರು.

ಅವನು ಹೇಳಿದ್ದು, "ಅಕ್ಕಾರು ಖರೆ ಹೇಳ್ಯಾರ. ನಾ ಅಂಜಿದೆ."

ಎರಡೂ ಮಾತನ್ನು ಅನುವಾದಿಸಿ ಹೇಳಿದೆ. ಬರೆದುಕೊಂಡರು. ಪರದೆ ಕಪ್ಪಾಯಿತು.

ಇನ್ವರ್ಟರನ್ನು ಮತ್ತೆ ಆಟೊಗೆ ಹಾಕಿ ಮನೆಗೆ ಬಂದೆವು. ದಾರಿಯಲ್ಲಿ ಮೆಂತ್ಯಪಲ್ಲೆ ಕೊಂಡೆ. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಮಲಗಿದೆ, ನಿದ್ದೆ ಬಂತು, ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಎಷ್ಟೋ ವಾರ ಹೀಗೇ. ಯಾರೋ ನನ್ನ ಕೆಲಸವನ್ನೆಲ್ಲ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ನಿಂತಿದ್ದೆ.

ತಡೆಯಲಾರದೆ ಒಮ್ಮೆ ಭೀಮರಾಯನ ಊರಿಗೆ ಹೋದೆ. ಅವನಿಗೆ ಈಗ ಕಣ್ಣು ಮಂಜು, ಕಿವಿ ಚುರುಕು. ಎಲ್ಲ ಕೇಳಿಸಿಕೊಂಡ. "ಸೈಮಣ್ಣ ಅಂಜಿದೆ ಅಂದ್ನೇನ್ರಿ?" ಎಂದು ಎರಡು ಸಲ ಕೇಳಿದ. ನಾನು ಮಾಡಿದ್ದು ಸರಿಯೇ ಎಂದು ಕೇಳಿದೆ.

"ಖರೆ ಹೇಳೀರಿ, ಛಲೋ ಆತ್ರಿ ಮೇಡಂ" ಎಂದ. ಚಹಾ ಬಂದ ಮೇಲೆ, "ನಾನಾಗಿದ್ರ ಹೇಳ್ತಿದ್ದಿಲ್ಲ ನೋಡ್ರಿ" ಎಂದ. ಚಹಾ ಕುಡಿದು ಹೊರಟೆ.

ಜೀವ ಕಾಯುವ ಕಟ್ಟಳೆ ಗೊತ್ತಿದ್ದೂ ಕೈಬಿಟ್ಟ, ಇದು ಬರೀ ಆಡಳಿತದ ತಪ್ಪಲ್ಲ ಎಂದು ತೀರ್ಪು ಬಂತು, ಗಲ್ಲು. ಮೇಲ್ಮನವಿ ಬಿದ್ದುಹೋಯಿತು. ಎಲ್ಲ ಮುಗಿದ ಮೇಲೆ ಒಂದು ದಿನ ಅವನ ಮಗಳು ಫೋನ್ ಮಾಡಿದಳು. ನಾನು ಅವಳನ್ನು ನೋಡಿದವಳಲ್ಲ. ಇಂಗ್ಲಿಷಿನಲ್ಲಿ, ಬಹಳ ಸಾವಕಾಶವಾಗಿ ಮಾತಾಡಿದಳು.

"ಆಂಟಿ, ಆ ಊಟದ ಸಂಗತಿ ಈ ದೇಶದಲ್ಲಿ ಅಪ್ಪನನ್ನು ಬಿಟ್ಟು ಒಬ್ಬರಿಗೂ ಗೊತ್ತಿರಲಿಲ್ಲ. ನೀವು ಸುಮ್ಮನಿದ್ದಿದ್ದರೆ ಸಾಕಿತ್ತು."

"ಹೌದಮ್ಮ" ಎಂದೆ.

"ಅಪ್ಪ ಕೊನೆಯವರೆಗೂ ನಿಮ್ಮ ಮೇಲೆ ಸಿಟ್ಟಾಗಲಿಲ್ಲ. ನಾನು ಆಗಿದ್ದೇನೆ. ಅದನ್ನು ಹೇಳೋಣ ಅಂತ ಫೋನ್ ಮಾಡಿದೆ."

ಫೋನ್ ಇಟ್ಟಳು. ಕೊಡ ಹಿಡಿದು ಬಂದು ಸತ್ತವರ ಮಕ್ಕಳು ಯಾರೂ ನನಗೆ ಫೋನ್ ಮಾಡಿಲ್ಲ, ಅವರ ಬಳಿ ನನ್ನ ನಂಬರು ಇಲ್ಲ. ಇದ್ದಿದ್ದರೆ ಅವರು ಏನು ಹೇಳುತ್ತಿದ್ದರೋ ತಿಳಿಯದು. ಹೊಸದಾಗಿ ಇಲಾಖೆಗೆ ಸೇರಿದ ಹುಡುಗ ಹುಡುಗಿಯರು ಕೆಲಸ ಏನು ಕಲಿಸಿತೆಂದು ನನ್ನನ್ನು ಆಗಾಗ ಕೇಳುತ್ತಾರೆ. ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಬೇಕೆಂದು ಕಲಿಸಿತು ಎನ್ನುತ್ತೇನೆ. ಉತ್ತರ ಕೊಟ್ಟವರು ಆಮೇಲೆ ಹೇಗಿರಬೇಕು ಎಂಬುದನ್ನು ಮಾತ್ರ ನನಗೆ ಯಾರೂ ಕಲಿಸಲಿಲ್ಲ.