ಹಾಲೆ ಮರದ ಹಿಡಿ

ನಮ್ಮಣ್ಣನ ಗಡ್ಡ ಈಗ ಕೊರಳಲ್ಲಿರುವ ಲಿಂಗದ ಕರಡಿಗೆಯನ್ನು ಮುಟ್ಟುತ್ತದೆ. ಗುಂಡ್ಲುಪೇಟೆ ಸಂತೆಯಲ್ಲಿ ಗುರುತಿಲ್ಲದವರು ಅವನಿಗೆ ಕೈಮುಗಿಯುತ್ತಾರೆ. ಗುರುತಿರುವವರು ಯಾವ ದೇವರಿಗೆ ಹರಕೆ ಎಂದು ಕೇಳುತ್ತಾರೆ. ಅಣ್ಣ ನನ್ನ ಕಡೆ ತಿರುಗಿ, "ಇವುನ್ನ ಕೇಳಿ" ಎನ್ನುತ್ತಾನೆ. ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಮುಗಿಸೋಣ ಎಂದು ಕೂತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಇಷ್ಟುದ್ದ ಹಿಂದೆ ಎಂದೂ ಬರೆದವನಲ್ಲ.

ಹಳೆಯ ಕ್ಷೌರದ ಕತ್ತಿಗಳನ್ನು ಸರಿಮಾಡುವುದು ನನ್ನ ಕೆಲಸ. ಮಡಚುವ ಉದ್ದ ಕತ್ತಿ, ಮೊದಲು ಕಟಿಂಗ್ ಶಾಪುಗಳಲ್ಲಿ ಇರುತ್ತಿತ್ತಲ್ಲ, ಅದು. ಬ್ಲೇಡು ಬಂದ ಮೇಲೆ ಅವೆಲ್ಲ ಗುಜರಿಗೆ ಹೋದವು. ಚಾಮರಾಜನಗರದಲ್ಲಿ ಒಂದು ಮರಗೆಲಸದ ಅಂಗಡಿಯಲ್ಲಿದ್ದಾಗ ಪಕ್ಕದ ಗುಜರಿಯಲ್ಲಿ ಒಂದು ಸಿಕ್ಕಿತು. ತುಕ್ಕು ತೆಗೆದು, ಸಾಣೆಕಲ್ಲಿನ ಮೇಲೆ ಎಳೆದು, ಚರ್ಮದ ಪಟ್ಟಿಗೆ ಉಜ್ಜಿ ನೋಡಿದೆ. ಕೈ ಮೇಲಿನ ಕೂದಲು ಸದ್ದಿಲ್ಲದೆ ಉದುರಿತು. ಅಲ್ಲಿಂದ ಅದೇ ಹುಚ್ಚು. ಈಗ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡ್ ಹಿಂದೆ ಒಂದು ರೂಮಿದೆ. ಮೈಸೂರಿಂದ, ಕೇರಳದಿಂದ ಹುಡುಗರು ಹುಡುಕಿಕೊಂಡು ಬರುತ್ತಾರೆ. ಎಲ್ಲರಿಗೂ ಸೊಂಪಾದ ಗಡ್ಡ. ಗಡ್ಡ ತೆಗೆಯುವ ಕತ್ತಿಗೆ ಗಡ್ಡದವರೇ ಯಾಕೆ ಗಿರಾಕಿಗಳು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಇಂಥ ಕತ್ತಿಯಲ್ಲಿ ಅಲಗು ಮೂರು ತಲೆಮಾರು ಬಾಳುತ್ತದೆ, ಹಿಡಿ ಬಾಳುವುದಿಲ್ಲ. ಎರಡು ತೆಳ್ಳನೆಯ ಪಟ್ಟಿ, ನಡುವೆ ಅಲಗು, ಎರಡು ತುದಿಗೂ ಹಿತ್ತಾಳೆಯ ಮೊಳೆ. ಇಷ್ಟೇ ಹಿಡಿ ಎಂದರೆ. ಅಣ್ಣ ಗಡ್ಡ ತೆಗೆದುಕೊಳ್ಳುತ್ತಿದ್ದುದು ನಮ್ಮಪ್ಪನ ಕತ್ತಿಯಲ್ಲೇ. ಅದರ ಹಿಡಿ ಹಪ್ಪಳದ ಹಾಗೆ ಪುಡಿಯಾದಾಗ ಅದನ್ನು ಟವಲಿನಲ್ಲಿ ಸುತ್ತಿ ತಂದ.

"ಮರದ್ದೇ ಆಕ್ಲಾ. ಪ್ಲಾಸ್ಟಿಕ್ಕು ಬ್ಯಾಡ. ಬ್ಯಾರೆ ಏನೂ ಬ್ಯಾಡ" ಎಂದ.

ಬೇರೆ ಏನೂ ಬೇಡ ಎಂದರೆ ಏನು ಎಂದು ನನಗೆ ಗೊತ್ತಿತ್ತು. ನಮ್ಮಣ್ಣ ಬೇಕರಿಯಲ್ಲಿ ಬನ್ನಿಗೆ ಮೊಟ್ಟೆ ಹಾಕಿದ್ದೀರಾ ಎಂದು ಮೂರು ಸಲ ಕೇಳಿ, ಕೊನೆಗೆ ಬನ್ನನ್ನೂ ಬಿಟ್ಟು ಬರುವವನು. ಚರ್ಮದ ಬೆಲ್ಟು ಕಟ್ಟುವುದಿಲ್ಲ. ಕತ್ತಿ ಉಜ್ಜಲು ಅವನಿಗೆಂದೇ ನಾನು ದಪ್ಪ ಕ್ಯಾನ್ವಾಸ್ ಬಟ್ಟೆಯ ಪಟ್ಟಿ ಹೊಲಿದುಕೊಟ್ಟಿದ್ದೆ.

ಬೀಟೆ ಮರದ ತುಂಡಿತ್ತು. ಪಟ್ಟಿ ಮಾಡಿ ಮೊಳೆ ಬಡಿದೆ, ಸೀಳಿತು. ಇನ್ನೊಂದು ಮಾಡಿದೆ, ಅದೂ ಸೀಳಿತು. ಮೂರನೆಯದು ಬಡಿಯುವ ಮೊದಲೇ ಸೀಳಿತು. ಅಣ್ಣ ಬ್ಲೇಡು ಮುಟ್ಟುವವನಲ್ಲ, ಮುಖದ ತುಂಬ ಕೂದಲು ಬಂತು. ಬೀದಿಯಲ್ಲಿ ಜನ ತಡೆದು, "ಯಾರು ಓದ್ರು?" ಎಂದು ಕೇಳತೊಡಗಿದರು. ಒಬ್ಬ ಮುದುಕಿ ಅತ್ತೂ ಬಿಟ್ಟಳಂತೆ. ಅಣ್ಣ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಆಯ್ತೇನ್ಲಾ? ಇನ್ನೆರಡ್ ದಿನ ಆದ್ರೆ ನಮ್ಮನೆಗೆ ತಿಥಿ ಊಟಕ್ಕೆ ಬಂದ್ಬುಡ್ತಾರೆ."

ಸುಲ್ತಾನ್ ಬತ್ತೇರಿ ಕಡೆಯವನೊಬ್ಬ ಕೇರಳದ ಗಿರಾಕಿಗಳಿಗಾಗಿ ತಂದುಕೊಟ್ಟ ಎಮ್ಮೆ ಮೂಳೆಯ ಪಟ್ಟಿಗಳು ಡಬ್ಬದಲ್ಲಿದ್ದವು. ಬೆಳ್ಳಗೆ, ನುಣ್ಣಗೆ. ಅಣ್ಣ ತಿಥಿಯ ಮಾತಾಡಿದ ದಿನ ಅದನ್ನೇ ಹಾಕಿದೆ. ಒಂದೇ ಏಟಿಗೆ ಕೂತಿತು.

"ಏನ್ಲಾ ಇದು, ಇಷ್ಟ್ ಬೆಳ್ಳಗದೆ?"

"ಹಾಲೆ ಮರ ಕಣಣ್ಣ. ಚನ್ನಪಟ್ಟಣದಲ್ಲಿ ಗೊಂಬೆ ಮಾಡ್ತಾರಲ್ಲ, ಅದು. ಎಣ್ಣೆ ಸವರ್ತಾ ಇರು, ಹಾಳಾಗಲ್ಲ."

ಒಂದು ಸುಳ್ಳು ಹೇಳಿ ಸುಮ್ಮನಿರಬೇಕಿತ್ತು. ಚನ್ನಪಟ್ಟಣ, ಎಣ್ಣೆ ಎಲ್ಲ ಸೇರಿಸಿದೆ. ಅಣ್ಣನಿಗೆ ಹಿಡಿ ಎಷ್ಟು ಹಿಡಿಸಿತೆಂದರೆ ಆ ಮಳೆಗಾಲದಲ್ಲೇ ನರ್ಸರಿಯಿಂದ ಒಂದು ಹಾಲೆ ಸಸಿ ತಂದು ಅರಿಶಿನದ ಹೊಲದ ಬದುವಿನಲ್ಲಿ ನೆಟ್ಟ. ಸೋಮವಾರ ಸೋಮವಾರ ಕತ್ತಿಗೆ ವಿಭೂತಿ ಹಚ್ಚಿ ದೇವರ ಮುಂದೆ ಇಡುತ್ತಿದ್ದ. ಎಮ್ಮೆಯ ಮೂಳೆ ಎರಡು ವರ್ಷ ನಮ್ಮ ದೇವರ ಮನೆಯಲ್ಲಿ ಪೂಜೆ ಮಾಡಿಸಿಕೊಂಡಿತು. ನಾನು ಊಟಕ್ಕೆ ಹೋದಾಗಲೆಲ್ಲ ಅಣ್ಣ ಸಸಿಯ ಹತ್ತಿರ ಕರೆದುಕೊಂಡು ಹೋಗಿ, "ನೋಡ್ಲಾ, ಎಂಗ್ ಬಂದದೆ" ಎನ್ನುತ್ತಿದ್ದ.

ಆಮೇಲೆ ನಮ್ಮ ತಂಗಿಯ ಮಗನ ಜವಳ ಬಂತು. ಮಗುವಿನ ಮೊದಲ ಕೂದಲನ್ನು ಸೋದರಮಾವನೇ ತೆಗೆಯಬೇಕು. ಅಪ್ಪನ ಕತ್ತಿಯಲ್ಲೇ ತೆಗೆಯುತ್ತೇನೆ ಎಂದು ಅಣ್ಣ ವರ್ಷದಿಂದ ಹೇಳುತ್ತಿದ್ದ. ತಂಗಿಯ ಮನೆ ಸುಲ್ತಾನ್ ಬತ್ತೇರಿ ರಸ್ತೆಯ ಮದ್ದೂರಿನ ಕಡೆ, ಕಾಡಿನ ಅಂಚಿಗೆ. ಬೆಳಿಗ್ಗೆ ಇಬ್ಬರೂ ನನ್ನ ಬೈಕಿನಲ್ಲಿ ಹೊರಟೆವು. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಗಾರ್ಡು ಪ್ಲಾಸ್ಟಿಕ್ ಕವರಿದೆಯೇ ಎಂದು ಚೀಲ ನೋಡಿದ. ಕವರು ಇರಲಿಲ್ಲ. ಕತ್ತಿ ಇತ್ತು.

"ಏನಿದು, ಬೆಳ್ಳಗೆ?"

"ಆಲೆ ಮರ ಸ್ವಾಮಿ" ಎಂದ ಅಣ್ಣ, ಹೆಮ್ಮೆಯಿಂದ.

"ಯಾರಿಗೇಳ್ತೀಯ? ಇಪ್ಪತ್ ವರ್ಸದಿಂದ ಈ ಕಾಡ್ನಲ್ಲಿವ್ನಿ. ಇದು ಆನೆ ದಂತ."

"ಇವ್ನು ನಮ್ ತಮ್ಮ. ಇವ್ನೆ ಮಾಡ್ದೋನು. ಕೇಳಿ ಬೇಕಾರೆ."

ಗಾರ್ಡು ನನ್ನ ಕಡೆ ತಿರುಗಿದ. ನಾನು ತಲೆಯಾಡಿಸಿದೆ. ಹೌದು ಎಂದೋ ಅಲ್ಲ ಎಂದೋ ಯಾರಿಗೂ ತಿಳಿಯದ ಹಾಗೆ ಆಡಿಸಿದೆ.

ಸಾಹೇಬರು ಬರಲಿ ಎಂದು ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಅಲ್ಲಿ ಒಂದೂವರೆ ಗಂಟೆ ಕೂತೆವು. ಆ ಒಂದೂವರೆ ಗಂಟೆಯೇ ನನ್ನ ತಪ್ಪು. ಮೂಳೆ ಹಾಕಿದ್ದನ್ನು ಅವಸರ ಎನ್ನಬಹುದು. ದಂತವಲ್ಲ ಎಂದು ತೋರಿಸಬೇಕಾದರೆ ಮೂಳೆ ಎನ್ನಬೇಕು. ಮೂಳೆ ಎಂದರೆ ಕೇಸು ಇಲ್ಲ, ಅಣ್ಣನೂ ಇಲ್ಲ. ನಾನು ಎದುರಿನ ಹುಲಿಯ ಬೋರ್ಡು ನೋಡುತ್ತ ಕೂತೆ.

ತಂಗಿ ಫೋನು ಮಾಡುತ್ತಲೇ ಇದ್ದಳು. "ಎಲ್ಲಿದ್ದೀರಣ್ಣ? ಮಗ ಮಣೆ ಮ್ಯಾಲೆ ಕೂತ್ಕಂಡು ನಿದ್ದೆ ಓಯ್ತು. ಕ್ಷೌರದವ್ರು ಎರಡ್ ಸಲ ಕಾಫಿ ಕುಡುದ್ರು."

ಅಣ್ಣನಿಗೆ ಒಂದು ಉಪಾಯ ಹೊಳೆಯಿತು. "ಸ್ವಾಮಿ, ಮರ ಆದ್ರೆ ನೀರ್ನಲ್ಲಿ ತೇಲ್ತದೆ. ನೋಡೇಬುಡನ." ಗಾರ್ಡು ಬಕೆಟ್ಟು ತರಿಸಿದ. ಅಲಗಿನ ಸಮೇತ ಹಾಕಿದರೆ ಮುಳುಗದೆ ಇರುತ್ತದೆಯೇ, ಒಂದು ಪಟ್ಟಿ ಬಿಚ್ಚು ಎಂದು ನನಗೇ ಹೇಳಿದ. ನನ್ನ ಜೇಬಿನಲ್ಲಿ ಯಾವಾಗಲೂ ಇರುವ ಚಿಕ್ಕ ಅರದಿಂದ ಮೊಳೆಯ ತಲೆ ಉಜ್ಜಿ ಪಟ್ಟಿ ಬಿಚ್ಚಿಕೊಟ್ಟೆ. ಅಣ್ಣ ತಾನೇ ಅದನ್ನು ನೀರಿಗೆ ಬಿಟ್ಟ. ಅದು ಕಲ್ಲಿನ ಹಾಗೆ ತಳ ಸೇರಿತು.

ಮೂವರೂ ಬಕೆಟ್ಟಿನೊಳಗೆ ನೋಡುತ್ತ ನಿಂತೆವು.

"ಎಣ್ಣೆ ಕುಡ್ದದೆ ಸ್ವಾಮಿ" ಎಂದ ಅಣ್ಣ ನಿಧಾನವಾಗಿ. "ಎರಡ್ ವರ್ಸದಿಂದ ಎಣ್ಣೆ ಸವರಿವ್ನಿ. ಅದ್ಕೆ ಭಾರ. ನಮ್ ತಮ್ಮ ಸುಳ್ ಏಳಕ್ಕಿಲ್ಲ."

ದಂತ ಎಂದರೆ ಜೈಲು ಎಂದು ಗಾರ್ಡು ವಿವರಿಸಿದ. ಅಣ್ಣ ಟವಲಿನಿಂದ ಮುಖ ಒರೆಸಿಕೊಂಡು ಎದ್ದು ನಿಂತ. "ಅಂಗಾರೆ ನನ್ ಎಸ್ರು ಬರ್ಕಳಿ. ಕತ್ತಿ ನಂದು. ಇವ್ನಿಗೇನೂ ಗೊತ್ತಿಲ್ಲ, ಇವುನ್ನ ಬುಟ್ಬುಡಿ. ಮಗ ಕಾಯ್ತದೆ, ಇನ್ನೊಬ್ ಮಾವ ಆದ್ರೂ ಓಗ್ಲಿ."

"ಎಮ್ಮೆ ಮೂಳೆ ಸಾರ್" ಎಂದೆ.

ಅಣ್ಣ ತಿರುಗಿ ನೋಡಲಿಲ್ಲ. ಗಾರ್ಡು ನಂಬಲಿಲ್ಲ. "ಆಗ ಮರ ಅಂದ್ರಿ. ಈಗ ಮೂಳೆ ಅಂತೀಯ. ಇನ್ನೊಂದ್ ಗಳಿಗೆಗೆ ಕ್ಯಾರೆಟ್ ಅಂತೀಯ." ಪಟ್ಟಿಯನ್ನು ಬಕೆಟ್ಟಿನಿಂದ ತೆಗೆದು ಬಿಸಿಲಿಗೆ ಹಿಡಿದು ನೋಡಿ ಬೆಂಚಿನ ಮೇಲಿಟ್ಟ. ಬೆಂಚಿನ ಕೆಳಗೆ ಮಲಗಿದ್ದ ಚೆಕ್‌ಪೋಸ್ಟಿನ ಕೆಂಚು ನಾಯಿ ಎದ್ದು, ಮೂಸಿ, ಪಟ್ಟಿ ಕಚ್ಚಿಕೊಂಡು ಓಡಿತು.

ಗಾರ್ಡು ಅದರ ಹಿಂದೆ ಓಡಿದ. ಗಾರ್ಡಿನ ಹಿಂದೆ ನಾನು ಓಡಿದೆ. ಡಾಂಬರಿನ ಡ್ರಮ್ಮುಗಳನ್ನು ಎರಡು ಸುತ್ತು ಹಾಕಿದೆವು. ಕೊನೆಗೆ ಲಂಟಾನದ ಪೊದೆಯ ಕೆಳಗೆ ಅದು ಎರಡು ಮುಂಗಾಲಿನ ನಡುವೆ ಪಟ್ಟಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಕಟಕಟ ಕಡಿಯುತ್ತಿತ್ತು. ಗಾರ್ಡು ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದ.

"ಮೂಳೆನೇ ಕಣಯ್ಯ" ಎಂದ. "ಓಗಿ, ಓಗಿ. ಮೊದ್ಲೇ ಏಳಕ್ಕೆ ಏನಾಗಿತ್ತು ನಿಂಗೆ?"

ನಾನು ಅಲಗನ್ನು ಚೀಲಕ್ಕೆ ಹಾಕಿಕೊಂಡು ಬೈಕಿನ ಹತ್ತಿರ ಹೋದೆ.

ಬೈಕಿನಲ್ಲಿ ಅಣ್ಣ ಯಾವಾಗಲೂ ನನ್ನ ಹೆಗಲ ಮೇಲೆ ಕೈಯಿಡುತ್ತಿದ್ದ. ಅವತ್ತು ಹಿಂದಿನ ಕಂಬಿ ಹಿಡಿದು ಕೂತ. ಬಹಳ ದೂರ ಹೋದ ಮೇಲೆ ಕೇಳಿದ.

"ಯಾವ್ ಎಮ್ಮೆ?"

"ಗೊತ್ತಿಲ್ಲ ಕಣಣ್ಣ."

"ಎರಡ್ ವರ್ಸ ಮುಖಕ್ ಇಟ್ಕಂಡಿವ್ನಿ ಕಣ್ಲಾ. ಅದೂ ಗೊತ್ತಿಲ್ವಾ ನಿಂಗೆ?"

ಕೊನೆಗೆ ಅಣ್ಣ ತಂಗಿಯ ಬಟ್ಟೆ ಹೊಲಿಯುವ ಕತ್ತರಿಯಲ್ಲಿ ಮಗುವಿನ ಮೊದಲ ಕೂದಲು ತೆಗೆದ. ಮಗು ಅಳಲಿಲ್ಲ. ಅಣ್ಣ ಅತ್ತ. ಖುಷಿಗೆ ಎಂದುಕೊಂಡು ಎಲ್ಲರೂ ನಕ್ಕರು.

ಆಮೇಲೆ ಅವನು ಗಡ್ಡ ತೆಗೆದಿಲ್ಲ. ಅಪ್ಪನ ಅಲಗು ನನ್ನ ರೂಮಿನಲ್ಲಿ ಎಣ್ಣೆ ಹಚ್ಚಿದ ಬಟ್ಟೆಯೊಳಗಿದೆ. ಚನ್ನಪಟ್ಟಣಕ್ಕೇ ಹೋಗಿ ಒಳ್ಳೆಯ ಹಾಲೆ ತುಂಡು ತಂದೆ. ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟ.

"ಇದು ಮರ ಅಂತ ಯಾರ್ ಏಳ್ದೋರು?"

"ನಾನು ಕಣಣ್ಣ."

"ಅದೇ."

ಬದುವಿನ ಹಾಲೆ ಗಿಡ ಅವನಷ್ಟು ಎತ್ತರವಾಗಿದೆ. ಅದರ ಬುಡ ಅವನ ಮುಂಗೈಯಷ್ಟು ದಪ್ಪವಾದ ದಿನ ಕೊಂಬೆ ಕಡಿದು ಕೊಡುತ್ತಾನಂತೆ, ಆಗ ಹಿಡಿ ಮಾಡಬೇಕಂತೆ. ಹೋದಾಗಲೆಲ್ಲ ಇಬ್ಬರೂ ಬದುವಿಗೆ ಹೋಗಿ ಅಳೆಯುತ್ತೇವೆ. ಬುಡವನ್ನು ಸುತ್ತಿ ಹಿಡಿದರೆ ನನ್ನ ಹೆಬ್ಬೆರಳೂ ನಡುಬೆರಳೂ ಇನ್ನೂ ಸಲೀಸಾಗಿ ಕೂಡುತ್ತವೆ. ಕಳೆದ ವಾರ ಅಣ್ಣ ಒಂದು ಎಲೆ ಕಿತ್ತು ತೊಟ್ಟು ತೋರಿಸಿದ. ಬಿಳಿಯ ಹನಿ ಒಸರಿತು.

"ನೋಡ್ಕ. ಆಲು ಬತ್ತದೆ. ಇದು ಮರ" ಎಂದ.

ಗಿಡದ ಬುಡದಲ್ಲಿದ್ದ ಖಾಲಿ ಕೊಡ ತೋರಿಸಿದ. ನಾನು ನೀರು ತರಲು ಹೋದೆ.