ಹಗೇವಿನ ಮೇಲಿನ ಗರಿಕೆ

ಕೊಟ್ಟೂರಿಗೆ ಹತ್ತಿರದ ಎರೆನೆಲದ ಹಳ್ಳಿಯೊಂದರಲ್ಲಿ ಮಾಳಮ್ಮನ ಮಾಳಿಗೆ ಮನೆ. ಹಿತ್ತಲ ಗೋಡೆಗೆ ಅಂಟಿಕೊಂಡೇ ಹಳೆಯ ಹಗೇವು. ಹಿರಿಯರು ಜೋಳ ತುಂಬಿಡುತ್ತಿದ್ದ ಆಳದ ನೆಲಗುಂಡಿ. ಅದನ್ನು ಮಣ್ಣು ಸುರಿದು ಮುಚ್ಚಿ ಎಷ್ಟೋ ಕಾಲವಾಗಿತ್ತು. ಮುಚ್ಚಿದ ಹಗೇವು ನೀರು ಕುಡಿದರೆ ಕುಸಿಯುತ್ತದೆ, ಗೋಡೆಯನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಮಾಳಮ್ಮನ ಅತ್ತೆ ಗೋಡೆಯಿಂದಾಚೆಗೆ ಇಳಿಜಾರಾಗಿ ಮಣ್ಣೇರಿಸಿ, ಗರಿಕೆ ಹಬ್ಬಿಸಿ, ಅಂಚಿಗೆ ಲಾವಂಚ ನೆಟ್ಟಿದ್ದಳು. ಮಳೆನೀರು ಹುಲ್ಲಿನ ಮೇಲೆ ಜಾರಿ ಹಳ್ಳ ಸೇರುತ್ತಿತ್ತು. ಅತ್ತೆ ಹೋದ ಮೇಲೆ ಮಾಳಮ್ಮನದೇ ಕಾವಲು. ಮೇಕೆ ಬಾಯಿ ಹಾಕಿದರೆ ಆಕೆಯ ಬೈಗುಳ ಓಣಿ ದಾಟುತ್ತಿತ್ತು.

2003ರಲ್ಲಿ ಮಗ ಗವಿಸಿದ್ದೇಶನಿಗೆ ಹೆಣ್ಣು ಗೊತ್ತಾಯಿತು. ಮನೆ ನೋಡಲು ಬಂದ ಹರಪನಹಳ್ಳಿಯ ಬೀಗ ಶಿವಯೋಗಪ್ಪ ಹಿತ್ತಲಿಗೆ ಇಣುಕಿ ಮೂಗು ಮುರಿದ.

"ಏನ್ರಿ ಬೀಗ್ತಿ, ಗ್ವಾಡಿ ಬುಡಕ್ಕ ಹುಲ್ಲು ಬೆಳದ್ರ ಹಾಳುಮನಿ ಅಂತಾರ. ನನ್ನ ಮಗಳೇನು ಕುರಿ ಮೇಯ್ಸಾಕ ಬರ್ತಾಳೇನು?"

"ಆ ಹುಲ್ಲಿಂದನ ಗ್ವಾಡಿ ನಿಂತೈತ್ರಿ. ಕೆಳಗ ಹಗೇವು ಐತಿ."

ಬೀಗನ ಜೊತೆ ಬಂದವರೆಲ್ಲ ನಕ್ಕರು. ಮಗನೂ ನಕ್ಕ.

ನಮ್ಮ ಜನಕ್ಕೆ ಇದೆಂಥ ರೋಗ! ಗಣಪನ ತಲೆ ಮೇಲೆ ಗರಿಕೆ ಬೇಕು. ಮನೆಯ ಬುಡದಲ್ಲಿ ಅದೇ ಗರಿಕೆ ದರಿದ್ರ. ತಾಯಿ ತವರಿಗೆ ಹೋದ ಹೊತ್ತು ನೋಡಿ ಗವಿಸಿದ್ದೇಶ ಹುಲ್ಲನ್ನೆಲ್ಲ ಕೆತ್ತಿ ತಿಪ್ಪೆಗೆಸೆದ. ಇಳಿಜಾರು ಸಮ ಮಾಡಿ ಕಡಪ ಕಲ್ಲು ಹಾಸಿದ. ಬೀಗರ ಕಣ್ಣಿಗೆ ತಂಪಾಯಿತಲ್ಲ, ಸಾಕು!

ಮೊದಲ ದೊಡ್ಡ ಮಳೆಗೆ ಕಲ್ಲಿನ ಮೇಲೆ ನೀರು ನಿಂತಿತು. ಸಂದಿಗಳಲ್ಲಿ ಇಳಿಯಿತು. ಹಗೇವು ಕುಸಿದು ಗೋಡೆಯ ಮೂಲೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿತು. ಸುದ್ದಿ ಕೇಳಿ ಮಾಳಮ್ಮ ತವರಿನಿಂದ ಮರಳಿದಳು, ಶಿವಯೋಗಪ್ಪನೂ ಓಡಿ ಬಂದ.

"ಬಿರಿದ ಗ್ವಾಡಿ ಕೆಳಗ ಮಗಳನ್ನ ಹೆಂಗ ಬಿಡ್ಲಿ? ಈ ಲಗ್ನ ಬ್ಯಾಡ ಬಿಡ್ರಿ."

ಮಾಳಮ್ಮನಿಗೆ ನೆತ್ತಿ ಕಾಯಿತು. "ಹುಲ್ಲಿದ್ದಾಗ ಹಾಳುಮನಿ ಅಂದ್ರಿ. ತೆಗಿಸಿ ಖರೇನ ಹಾಳು ಮಾಡಿದ್ರಿ. ಈಗ ಕೈ ತೊಳಕೊಂಡು ಹೊಂಟ್ರೇನು? ಲೇ ಸಿದ್ದ, ಕೀಳು ಆ ಕಲ್ಲು!"

ಮಗ ತಲೆ ತಗ್ಗಿಸಿ ಹಾರೆ ಹಿಡಿದ. ಬೀಗ ನೋಡುತ್ತ ನಿಂತಿದ್ದಂತೆಯೇ ಕುಸಿದ ಕಡೆ ಮಣ್ಣು ತುಂಬಿ, ಕುಟ್ಟಿ ದಮ್ಮಸು ಹಾಕಿದ. ಮತ್ತೆ ಇಳಿಜಾರು ಮಾಡಿದ. ಮಾಳಮ್ಮ ತಿಪ್ಪೆ ಕೆದಕಿ, ಇನ್ನೂ ಹಸಿಯಿದ್ದ ಲಾವಂಚದ ಬುಡವೊಂದನ್ನು ತಂದು ಬೀಗನ ಮುಂದೆ ಹಿಡಿದಳು. ಧೋತರಕ್ಕೆ ಕೆಸರಾದೀತೆಂದು ಆತ ಹಿಂದೆ ಸರಿದ.

"ಕೆಸರಾಗ್ಲಿ ಬಿಡ್ರಿ ಬೀಗ್ರ, ಒಗದ್ರ ಹೋಗ್ತೈತಿ. ನೀವ ನೆಡ್ರಿ ಇದನ್ನ. ಬೇರು ಹಿಡಿಯೋ ತನಕ ಲಗ್ನದ ಮಾತು ನಾನೂ ಆಡಂಗಿಲ್ಲ."

ಶಿವಯೋಗಪ್ಪ ಬಿರುಕನ್ನೊಮ್ಮೆ ನೋಡಿದ, ಆಕೆಯ ಮುಖವನ್ನೊಮ್ಮೆ ನೋಡಿದ. ಧೋತರ ಎತ್ತಿ ಕಟ್ಟಿ ಲಾವಂಚದ ಬುಡಕ್ಕೆ ಕೈ ಚಾಚಿದ.